ಲಗ್ನದ ಓಣಿಯ ನೀರು

ಮೊದಲ ಮಳೆ ಬಿದ್ದು ನಿಂತ ಮೇಲೆ ನಮ್ಮ ಬೀದಿಯ ಚರಂಡಿಯ ಅಂಚಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿಕೊಂಡು ಹೋಗುತ್ತಾರೆ. ಈ ವರ್ಷವೂ ಹೋದರು. ನಾನು ಅಡುಗೆಮನೆಯಲ್ಲಿದ್ದೆ. ಒದ್ದೆ ಮಣ್ಣಿನ ವಾಸನೆಯ ಜೊತೆ ಆ ಪುಡಿಯ ಘಾಟು ಕಿಟಕಿಯಿಂದ ಒಳಗೆ ಬಂತು. ಒಲೆಯ ಮೇಲೆ ಹಾಲಿತ್ತು. ಅದನ್ನು ಹಾಗೇ ಬಿಟ್ಟು ಹೊರಗೆ ಹೋಗಿ, ನಮ್ಮ ಮನೆಗೆ ನೀರು ಬರುವ ಪೈಪು ಚರಂಡಿಯನ್ನು ಎಲ್ಲಿ ದಾಟುತ್ತದೆ, ಅಲ್ಲಿ ಕೀಲು ಗಟ್ಟಿ ಇದೆಯೇ ಎಂದು ಬಗ್ಗಿ ನೋಡಿ ಬಂದೆ. ಹಾಲು ಉಕ್ಕಿ ಹರಿದಿತ್ತು. ನನ್ನ ಗಂಡ ಒರೆಸುತ್ತಿದ್ದರು. ಅವರಿಗೆ ಇದು ರೂಢಿಯಾಗಿದೆ.

ಆ ವಾಸನೆ ನನ್ನ ಪಾಲಿಗೆ ಶಹಾಪುರದ್ದು. ಅಲ್ಲಿ ನಾನು ಕಳೆದ ಒಂದು ಬೇಸಿಗೆಯ ಕೊನೆಯದು, ಮಳೆಗಾಲದ ಮೊದಲಿನದು.

ಶಹಾಪುರಕ್ಕೆ ನಾನು ನೆಲೆಸಲು ಹೋದವಳಲ್ಲ. ಎಂಬಿಬಿಎಸ್ ಮುಗಿಸಿ, ಮುಂದಿನ ಓದಿಗೆ ಪರೀಕ್ಷೆ ಬರೆದು, ಸೀಟು ಸಿಗುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಅಷ್ಟರ ತನಕ ಕೈ ಖಾಲಿ ಇರಬಾರದೆಂದು ಅಲ್ಲಿನ ನಗರ ಆರೋಗ್ಯ ಕೇಂದ್ರಕ್ಕೆ ಗುತ್ತಿಗೆಯ ಮೇಲೆ ವೈದ್ಯೆಯಾಗಿ ಸೇರಿದೆ. ಹಿರಿಯೂರಿನವಳಿಗೆ ಬಿಸಿಲೇನು ಹೊಸದೇ ಎಂದು ಅಪ್ಪ ನಕ್ಕಿದ್ದರು. ಹೊಸದೇ ಆಗಿತ್ತು. ಬೆಟ್ಟದ ಬಂಡೆಗಳು ಹಗಲೆಲ್ಲ ಹೀರಿಕೊಂಡ ಕಾವನ್ನು ಸಂಜೆ ಊರಿನ ಮೇಲೆ ಬಿಡುತ್ತಿದ್ದವು. ಕರೆಂಟು ಹೋದರೆ ಗೋಡೆಗೆ ಒರಗಲೂ ಆಗುತ್ತಿರಲಿಲ್ಲ.

ನಮ್ಮ ಕೇಂದ್ರ ಬಾಡಿಗೆ ಕಟ್ಟಡದಲ್ಲಿತ್ತು. ಮೊದಲು ಅದು ಬಟ್ಟೆ ಅಂಗಡಿಯಾಗಿತ್ತಂತೆ. ಗೋಡೆಯ ಉದ್ದಕ್ಕೂ ಹಾಕಿದ್ದ ಕನ್ನಡಿಯನ್ನು ಮಾಲೀಕ ಬಿಚ್ಚಿಕೊಂಡು ಹೋಗಿರಲಿಲ್ಲ. ತಪಾಸಣೆಗೆ ಬಂದ ಬಸುರಿಯರು ಸರತಿಯಲ್ಲಿ ಕೂತಲ್ಲೇ ತಮ್ಮ ಹೊಟ್ಟೆಯನ್ನು ಅಡ್ಡಕ್ಕೆ ತಿರುಗಿ ನೋಡಿಕೊಳ್ಳುತ್ತಿದ್ದರು. ಬಿಪಿ ಗುಳಿಗೆ, ಸಕ್ಕರೆ ಗುಳಿಗೆ, ಕೂಸುಗಳ ಚುಚ್ಚುಮದ್ದು, ಇನ್ನೊಂದು ಮಗು ಈಗಲೇ ಬೇಡ ಎಂದು ಪಿಸುಗುಟ್ಟುವವರಿಗೆ ಕಾಪರ್‌ ಟಿ. ದಿನಕ್ಕೆ ಕೆಲಸ ಬೇಕಾದಷ್ಟಿತ್ತು. ಆದರೂ ನನ್ನ ಕಣ್ಣು ಫೋನಿನ ಮೇಲೆ. ಸೀಟು ಹಂಚಿಕೆ ಮುಂದಕ್ಕೆ ಹೋಗುತ್ತಲೇ ಇತ್ತು. ನಾನು ಎಲ್ಲಿ ಕೂತರೂ ಎದ್ದು ಹೋಗಬೇಕಾದವಳಂತೆ ಕೂರುತ್ತಿದ್ದೆ.

ಅದನ್ನು ಮೊದಲು ಕಂಡುಹಿಡಿದವಳು ಮೈಬೂಬಿ, ನಮ್ಮ ಆಶಾ ಕಾರ್ಯಕರ್ತೆ. ನಲವತ್ತರ ಆಸುಪಾಸಿನ ಹೆಂಗಸು. ಗುಲಾಬಿ ಬಣ್ಣದ ಸಮವಸ್ತ್ರದ ಸೀರೆಯ ಮೇಲೆ ಬುರ್ಖಾ, ಬಾಯಲ್ಲಿ ಸದಾ ಅಡಿಕೆ, ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವ ದನಿ.

"ಮೇಡಂರಿ, ನೀವು ಕುರ್ಚಿ ಮ್ಯಾಲ ಗುಬ್ಬಿ ಕುಂತಂಗ ಕುಂದರ್ತೀರಿ," ಎಂದಳು ಒಂದು ದಿನ, ಜನರ ಎದುರಿಗೇ. "ಒಮ್ಮೆ ಸರಿಯಾಗಿ ಕುಂದರ್ರಿ. ಮಂದಿಗಿ ಧೈರ್ಯ ಬರ್ತದ."

ನಮ್ಮ ಕಡೆ ಯಾರೂ ವೈದ್ಯರಿಗೆ ಹೀಗೆ ಹೇಳುವುದಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಅವಳಿಲ್ಲದ ದಿನ ಕೇಂದ್ರವೇ ಮೂಕವಾದಂತೆ ಅನಿಸತೊಡಗಿತು. ಹಟ ಹಿಡಿದ ಅತ್ತೆಯರನ್ನು ಒಪ್ಪಿಸಿ ಸೊಸೆಯರನ್ನು ಕರೆತರುತ್ತಿದ್ದಳು. ಅವಳ ಅಣ್ಣ ಖಾಸಿಂಸಾಬನ ಮಗಳು ನಸೀಮಾಳ ಲಗ್ನ ಜೂನಿನಲ್ಲಿ ಗೊತ್ತಾಗಿತ್ತು. ಗಂಡು ಸುರಪುರದ ವೆಲ್ಡಿಂಗ್ ಅಂಗಡಿಯ ಹುಡುಗ. ಎರಡು ತಿಂಗಳಿಂದ ಮೈಬೂಬಿಯ ಬಾಯಲ್ಲಿ ಅದೇ ಮಾತು. ಖಾಸಿಂಸಾಬ ತಗಡಿನ ಟ್ರಂಕು, ಡ್ರಮ್ಮು ಮಾಡುವವನು. ಮಗಳ ಟ್ರಂಕನ್ನು ತಾನೇ ಮಾಡಿ, ಮೇಲೆ ಗುಲಾಬಿ ಹೂ ಬರೆಸಿ, ಬಿಸಿಲಿಗೆ ಬಣ್ಣ ಹೋಗಬಾರದೆಂದು ಚಾದರ ಹೊದಿಸಿ ಇಟ್ಟಿದ್ದನಂತೆ.

ಮಳೆ ತಡವಾಗಿ ಬಂತು. ಬಂದದ್ದು ಲಗ್ನದ ವಾರವೇ. ಸಂಜೆ ಒಂದೇ ಸಮನೆ ಹೊಡೆದು, ಗಟಾರಗಳೆಲ್ಲ ತುಂಬಿ ರಸ್ತೆಗೆ ಹರಿದು, ಊರು ತಣ್ಣಗಾಯಿತು. ನಾನು ಮಹಡಿಯ ಮೇಲೆ ನಿಂತು ನೆನೆದೆ. ಎಷ್ಟೋ ವಾರದ ಮೇಲೆ ಅಂದು ಫೋನ್ ಮರೆತು ಮಲಗಿದೆ.

ಅದಾಗಿ ಬಂದ ಗುರುವಾರ ಚುಚ್ಚುಮದ್ದಿನ ದಿನ. ಕೂಸುಗಳ ಅಳುವಿನ ನಡುವೆ ಒಬ್ಬ ದಪ್ಪನೆಯ ಮನುಷ್ಯ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ. ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು. ಅವನು ಬಸಣ್ಣ. ಖಾಸಿಂಸಾಬನ ಮನೆಯ ಎದುರಿಗೇ ಅವನ ಕಿರಾಣಿ ಅಂಗಡಿ, ಅದರ ಹಿಂದೆ ಮನೆ.

"ಅವ್ವಗ ನಸುಕಿನಾಗಿಂದ ಸಂಡಾಸ ಹತ್ಯಾದ್ರಿ. ಉಲ್ಟಿನೂ ಅದ. ಈಗ ಮಾತ ಆಡವಲ್ಲಳು."

ಅವನ ತಾಯಿ ಗುರಮ್ಮನ ಕಣ್ಣು ಗುಂಡಿಗೆ ಇಳಿದಿದ್ದವು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಮಡಿಕೆಯಾಗಿ ಹಾಗೇ ನಿಂತಿತು. ಸೀರೆಗೆ ಹತ್ತಿದ್ದ ಭೇದಿ ಅಕ್ಕಿ ತೊಳೆದ ನೀರಿನ ಹಾಗಿತ್ತು. ಕಾಲರಾ ಎಂದು ಪುಸ್ತಕದಲ್ಲಿ ಓದಿದ್ದನ್ನು ಮೊದಲ ಸಲ ಕಣ್ಣಾರೆ ಕಂಡೆ. ಸಲಾಯಿನ್ ಹಚ್ಚಿದೆವು. ಸೂಜಿ ಚುಚ್ಚಿದಾಗ ಮುದುಕಿ ಕಣ್ಣು ತೆರೆದಳು.

"ನೀರ ಕೊಡ್ರೆವ್ವ," ಎಂದಳು. "ತಣ್ಣಂದು."

ಆಂಬುಲೆನ್ಸ್ ಬಂದು ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅದೇ ಓಣಿಯಿಂದ ಇನ್ನಿಬ್ಬರು ಬಂದರು, ಒಬ್ಬ ಟೇಲರ್, ಒಂದು ಐದಾರು ವರ್ಷದ ಹುಡುಗಿ. ನಾನು ಮೈಬೂಬಿಯ ಮುಖ ನೋಡಿದೆ. ಅವಳ ಬಾಯಿಯ ಅಡಿಕೆ ನಿಂತಿತ್ತು.

ಮಧ್ಯಾಹ್ನ ಇಬ್ಬರೂ ಓಣಿಗೆ ಹೋದೆವು. ಎರಡು ಸಾಲು ಮನೆ, ನಡುವೆ ಎರಡು ಆಟೋ ಎದುರಾದರೆ ನಿಲ್ಲುವಷ್ಟು ದಾರಿ, ಒಂದು ಬದಿಗೆ ತೆರೆದ ಗಟಾರ. ಮೇಲೆ ಲಗ್ನಕ್ಕೆಂದು ಹಾಕಿದ ಕೆಂಪು ಹಳದಿ ಪೆಂಡಾಲು. ಅದರ ಬಟ್ಟೆ ಮಳೆಗೆ ನೆನೆದು ಹೊಟ್ಟೆ ಬಿಟ್ಟಿತ್ತು. ನಾಲ್ಕು ಮನೆಗೊಂದರಂತೆ ಯಾರೋ ಒಬ್ಬರು ಮಲಗಿದ್ದರು. ಕಾರಣ ಕೇಳಿದರೆ ಎಲ್ಲರೂ ಮಾವಿನಹಣ್ಣಿನ ಹೆಸರು ಹೇಳಿದರು, ಮಳೆಯ ಹೆಸರು ಹೇಳಿದರು. ನಾನು ಒಂದು ಮನೆಯ ನಳದ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿದೆ. ತಿಳಿಯಾಗಿತ್ತು. ಮೂಗಿನ ಹತ್ತಿರ ತಂದಾಗ ಮಾತ್ರ ಗಟಾರದ ವಾಸನೆ, ಬಲು ಸಣ್ಣಗೆ.

ಶುಕ್ರವಾರ, ಊರಿಗೆ ನೀರು ಬಿಡುವ ದೇವಪ್ಪ ಓಣಿಯ ನೀರಿನ ವಾಲ್ ಬಂದ್ ಮಾಡಿದ. ಟ್ಯಾಂಕರ್ ಬಂತು. ಮೇಲಿನ ಅಧಿಕಾರಿಗಳು ಬಂದರು, ನೀರಿನ ಮಾದರಿ ಒಯ್ದರು. ನಾವು ಮನೆಮನೆಗೆ ಕ್ಲೋರಿನ್ ಗುಳಿಗೆ ಹಂಚಿದೆವು. ಗಟಾರಕ್ಕೆ ಪುಡಿ ಚೆಲ್ಲಿಸಿದೆವು. ಆದರೆ ಪೈಪು ಒಡೆದದ್ದೆಲ್ಲಿ ಎಂದು ಗೊತ್ತಾಗಲಿಲ್ಲ. ಗಟಾರ ಇಳಿಯದೆ ಅಗೆಯುವಂತಿರಲಿಲ್ಲ, ಮೋಡ ಇಳಿಯಬಿಡುತ್ತಿರಲಿಲ್ಲ. ನಾನು ಆ ದಿನ ಓಣಿಯ ಉದ್ದಕ್ಕೂ ಅದೆಷ್ಟು ಸಲ ನಡೆದೆನೋ. ಒಂದು ಮನೆಯ ಹೆಂಗಸು ಟ್ಯಾಂಕರ್ ನೀರನ್ನು ಬದಿಗಿಟ್ಟು ಹಳೆಯ ಕೊಡದಿಂದಲೇ ಮಗುವಿಗೆ ಕುಡಿಸುತ್ತಿದ್ದಳು. ಯಾಕೆಂದು ಕೇಳಿದರೆ, "ನಿಮ್ಮ ಗುಳಿಗಿ ಹಾಕಿದ ನೀರು ದವಾಖಾನಿ ನಾರ್ತದ್ರಿ, ಕೂಸು ಉಗಳ್ತದ," ಎಂದಳು. ಕೊಡ ಎತ್ತಿ ಚೆಲ್ಲಿದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

ಭಾನುವಾರ ಲಗ್ನದ ಊಟ. ಇಡೀ ಓಣಿಗೆ, ಸುರಪುರದಿಂದ ಬರುವ ಬೀಗರಿಗೆ. ಖಾಸಿಂಸಾಬನನ್ನು ನಿಲ್ಲಿಸಿ ಹೇಳಿದೆ. ಅವನು ಬಡಕಲು ಮನುಷ್ಯ, ಬೆಸುಗೆ ಹಾಕಿ ಹಾಕಿ ಸುಟ್ಟ ಬೆರಳು. ತಾಳ್ಮೆಯಿಂದ ಕೇಳಿದ.

"ಟ್ಯಾಂಕರ್ ನೀರ ಕುದಿಸಿ, ಆರಿಸಿ, ಮುಚ್ಚಿಡ್ತೀನ್ರಿ. ದೊಡ್ಡ ದೊಡ್ಡ ಡೇಗ್ಸಾ ಅದಾವ. ನೀವ ಬಂದು ನೋಡ್ರಿ ಬೇಕಾದ್ರ. ಆದ್ರ ಊಟ ಬ್ಯಾಡ ಅನಬ್ಯಾಡ್ರಿ. ಈ ಓಣ್ಯಾಗ ಎಲ್ಲಾರ ಮನಿ ಊಟ ಉಂಡೀನಿ ನಾ. ನಮ್ಮ ಮನ್ಯಾಗ ಇದು ಒಂದ."

ಒಪ್ಪಿದೆ. ಕುದಿಸಿದ ನೀರಿಗೆ ನಾನು ಬೇಡ ಅನ್ನಲು ಕಾರಣವಿರಲಿಲ್ಲ.

ಶನಿವಾರ ಬೆಳಿಗ್ಗೆ ಮೈಬೂಬಿ ತಡವಾಗಿ ಬಂದಳು. ಭೇದಿಯಾದವರಿಗೆ ಕಲಸಿ ಕುಡಿಸುವ ಜೀವಜಲದ ಪೊಟ್ಟಣಗಳನ್ನು ಎರಡು ಹಿಡಿ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಯಾರಿಗೆ ಎಂದರೆ, "ಓಣಿಗ್ರಿ," ಎಂದಷ್ಟೇ ಹೇಳಿ ಹೋದಳು. ಆಮೇಲೆ ಫೋನ್ ಎತ್ತಲಿಲ್ಲ. ಅವಳು ಮಾತು ಕಡಿಮೆ ಮಾಡಿದ್ದು ನನಗೆ ಸರಿಹೋಗಲಿಲ್ಲ. ಲಗ್ನದ ಗಡಿಬಿಡಿ ಎಂದುಕೊಂಡೆ. ಆದರೂ ಕೂರಲಾಗಲಿಲ್ಲ. ನೀರು ಕುದಿಸುವುದನ್ನು ನೋಡುವ ನೆವ ಮಾಡಿಕೊಂಡು ಮಧ್ಯಾಹ್ನ ಒಬ್ಬಳೇ ಖಾಸಿಂಸಾಬನ ಮನೆಗೆ ಹೋದೆ.

ಅಂಗಳದಲ್ಲಿ ಒಲೆ ಉರಿಯುತ್ತಿತ್ತು, ನೀರು ಕುದಿಯುತ್ತಿತ್ತು. ಪಡಸಾಲೆಯಲ್ಲಿ ಹೆಂಗಸರು ಡೋಲಕಿ ಬಾರಿಸಿ ಹಾಡುತ್ತಿದ್ದರು. ಹಾಡಿನಲ್ಲಿ ಏನೋ ಇಲ್ಲ ಅನಿಸಿತು. ಮದುವಣಗಿತ್ತಿ ಇರಲಿಲ್ಲ. ಕೇಳಿದಾಗ ಮೈಬೂಬಿಯೇ ಎದ್ದು ಬಂದಳು.

"ಒಳಗ ಮಕ್ಕೊಂಡಾಳ್ರಿ. ರಾತ್ರಿ ಮೆಹಂದಿ ಹಚ್ಚ್ಯಾರ, ನಿದ್ದಿ ಇಲ್ಲ."

ಅವಳ ಹಿಂದಿನ ಬಾಗಿಲು ಮುಚ್ಚಿತ್ತು. ಬಾಗಿಲ ಬುಡದಲ್ಲಿ ಒಂದು ಬಕೆಟ್. ಅದರ ತುಂಬ, ನಾವು ಗಟಾರಕ್ಕೆಂದು ತರಿಸಿದ ಬ್ಲೀಚಿಂಗ್ ಪುಡಿ ಚೆಲ್ಲಿತ್ತು.

ನಾನು ಬಕೆಟ್ ನೋಡಿದ್ದನ್ನು ಅವಳು ನೋಡಿದಳು. ಬಾಗಿಲಿಗೆ ಅಡ್ಡ ನಿಂತವಳು ಪಕ್ಕಕ್ಕೆ ಸರಿದಳು.

ನಸೀಮಾ ಚಾಪೆಯ ಮೇಲೆ ಮಲಗಿದ್ದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಮೀನಖಂಡ ಹಿಡಿದು ಎಳೆಯುತ್ತಿತ್ತೆಂದು ಕಾಲು ಮಡಚಿಕೊಂಡಿದ್ದಳು. ತುಟಿ ಒಣಗಿ ಬಿರಿದಿತ್ತು. ಹೆಸರು ಹಿಡಿದು ಕರೆದರೆ ಬಲು ದೂರದಿಂದ ನೋಡಿದಳು.

"ಯಾವಾಗಿನಿಂದ?" ಎಂದೆ.

"ನಿನ್ನಿ ಸಂಜಿಯಿಂದ್ರಿ," ಎಂದಳು ಮೈಬೂಬಿ. "ಜೀವಜಲ ಕಲಸಿ ಕುಡಸಾಕತ್ತಿದ್ದೆ. ಮುಂಜಾನಿ ಕಮ್ಮಿ ಆಗಿತ್ತು. ಖರೇ ಹೇಳ್ತೀನಿ, ಕಮ್ಮಿ ಆಗಿತ್ತು."

"ಬೆಳಿಗ್ಗೆ ನನ್ನ ಎದುರಿಗೇ ನಿಂತಿದ್ದಿರಿ."

"ಬ್ಯಾರೆದವರ ಮಗಳಾಗಿದ್ರ ಮೊದಲ ನಿಮಗ ಹೇಳ್ತಿದ್ದೆ," ಎಂದಳು. ಅಷ್ಟು ದೊಡ್ಡ ದನಿಯ ಹೆಂಗಸಿನ ಗಂಟಲಿನಿಂದ ಅದು ಉಸಿರಿನಂತೆ ಬಂತು.

ಖಾಸಿಂಸಾಬ ಬಾಗಿಲಲ್ಲಿ ಬಂದು ನಿಂತಿದ್ದ. ಆಸ್ಪತ್ರೆಗೆ ಒಯ್ಯಬೇಕು ಎಂದೆ. ಅವನು ಒಳಗೆ ಬಂದು ಬಾಗಿಲು ಮುಂದೆ ಮಾಡಿದ.

"ನಾಳಿಗಿ ಬರಾತ್ ಬರ್ತದ್ರಿ. ಹುಡುಗಿಗಿ ಬ್ಯಾನಿ ಅದ ಅಂತ ಗೊತ್ತಾದ್ರ ಸುರಪುರದವ್ರು ದಾರ್ಯಾಗ ಹೊಳ್ಳಿ ಹೋಗ್ತಾರ. ಆಮ್ಯಾಗ ಯಾರ ಕೇಳ್ತಾರ ಇಕಿನ್ನ? ಇಲ್ಲೇ ಬಾಟ್ಲಿ ಹಚ್ರಿ. ನಾಳಿ ಒಂದ ದಿನ ದಾಟಿದ್ರ ಸಾಕು."

"ನಾಳೆ ಬೆಳಿಗ್ಗೆಯ ತನಕ ಇವಳನ್ನು ಇಲ್ಲಿಟ್ಟುಕೊಂಡರೆ ನಾಳೆ ಲಗ್ನ ಇರುವುದಿಲ್ಲ," ಎಂದೆ. ಅದು ಅವನ ಕಿವಿಗೆ ಹೋಗಲಿಲ್ಲ. ಅವನ ಕೈ ಹಿಡಿದು ಮಗಳ ಮಣಿಕಟ್ಟಿನ ಮೇಲೆ ಇಟ್ಟೆ. "ನಾಡಿ ಇಲ್ಲಿ ಬಡಿಯಬೇಕು. ನೋಡಿ."

ಅವನು ಕಣ್ಣು ಮುಚ್ಚಿ ಹುಡುಕಿದ. ಬೆರಳು ಸ್ವಲ್ಪ ಮೇಲೆ ಸರಿಸಿದ, ಸ್ವಲ್ಪ ಕೆಳಗೆ.

"ಎಲ್ಲಿ ಅದರಿ?"

"ನಾನೂ ಅದನ್ನೇ ಹುಡುಕುತ್ತಿದ್ದೇನೆ."

ಅವನು ಎದ್ದು ಬಾಗಿಲು ತೆರೆದ. ಹಾಡು ನಿಂತಿತು.

ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಮೈಬೂಬಿ ಓಡಿ ನನ್ನ ಪೆಟ್ಟಿಗೆ ತಂದಳು. ರಕ್ತನಾಳ ಹುಡುಕಬೇಕಾದರೆ ನಸೀಮಾಳ ಎರಡೂ ಕೈ, ಬೆರಳ ತುದಿಯಿಂದ ಮೊಣಕೈಯ ತನಕ, ಗಾಢ ಮೆಹಂದಿ. ಬಳ್ಳಿ, ಹೂ, ನವಿಲು, ನಡುವೆ ಎಲ್ಲೋ ಹುಡುಗನ ಹೆಸರು. ಚರ್ಮದ ಕೆಳಗಿನ ನೀಲಿ ಗೆರೆ ಒಂದೂ ಕಾಣುತ್ತಿರಲಿಲ್ಲ. ಉಗುರಿಗೂ ರಂಗು. ಅದು ಬೆಳ್ಳಗಾಗಿದೆಯೋ ನೀಲಿಯಾಗಿದೆಯೋ ತಿಳಿಯದು. ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಮೊಣಕೈಯ ಮಡಿಕೆಯಲ್ಲಿ ಸೂಜಿ ಸೇರಿತು. ಟ್ರಂಕಿನ ಮೇಲೆ ಹತ್ತಿ ನಿಂತ ಮೈಬೂಬಿ ಬಾಟಲಿ ಎತ್ತಿ ಹಿಡಿದಿದ್ದಳು.

ತಾಯಿಗೆ ಬಟ್ಟೆ ಒಯ್ಯಲು ಮನೆಗೆ ಬಂದಿದ್ದ ಬಸಣ್ಣ ತನ್ನ ಸರಕಿನ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಸಕ್ಕರೆ ಮೂಟೆಗಳನ್ನು ಅಲ್ಲೇ ನೆಲಕ್ಕೆ ಇಳಿಸಿ ಹಾಸಿಗೆ ಹಾಕಿಸಿದ. ಪೆಂಡಾಲಿನ ಕೆಳಗೆ ಓಣಿಯ ಜನವೆಲ್ಲ ನಿಂತಿತ್ತು. ಮುಚ್ಚಿಡುವ ಮಾತು ಅಲ್ಲಿಗೇ ಮುಗಿಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಬಾಟಲಿಯ ಮೇಲೆ ಬಾಟಲಿ ಹೋಯಿತು. ಅಲ್ಲಿನ ವೈದ್ಯರು ನೋಡಿಕೊಳ್ಳುತ್ತಿದ್ದರು, ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ವಾರ್ಡಿಗೂ ವರಾಂಡಕ್ಕೂ ಓಡಾಡುತ್ತಿದ್ದೆ. ಅದೇ ವಾರ್ಡಿನ ಆ ತುದಿಯಲ್ಲಿ ಗುರಮ್ಮ ಇದ್ದಳು. ವಾಂತಿ ನಿಂತಿತ್ತು, ಆದರೆ ಮೂತ್ರ ಬಂದಿರಲಿಲ್ಲ. ಕಿಡ್ನಿ ಸೋತಿರಬಹುದೆಂದು ಸಂಜೆ ಅವಳನ್ನು ಕಲಬುರಗಿಗೆ ಕಳಿಸಿದರು. ಬಸಣ್ಣ ಆಂಬುಲೆನ್ಸ್ ಹತ್ತುವಾಗ ಖಾಸಿಂಸಾಬನ ಹೆಗಲು ಮುಟ್ಟಿ, "ಹುಡುಗಿ ಕಡೆ ನೋಡ್ಕೋ," ಎಂದ. ಸ್ವಲ್ಪ ಹೊತ್ತಿಗೆ ಮೈಬೂಬಿ ವಾರ್ಡಿನಿಂದ ಹೊರಗೆ ಓಡಿಬಂದಳು.

"ಮೇಡಂರಿ, ನಸೀಮಾ ಒಂದಕ್ಕ ಹೋದಳ್ರಿ."

ಹಳೆಯ ದನಿ ವಾಪಸು ಬಂದಿತ್ತು. ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಗೋಡೆಗೆ ಒರಗಿ ಕೂತೆ. ಅವಳು ನನ್ನ ಪಕ್ಕಕ್ಕೆ ಬಂದು ನೆಲದ ಮೇಲೇ ಕುಕ್ಕರಿಸಿದಳು.

"ಬೈರಿ ನನಗ," ಎಂದಳು. "ಒಮ್ಮೆ ಬೈದ್ಬಿಡ್ರಿ. ಸುಮ್ಮ ಇರಬ್ಯಾಡ್ರಿ."

ಸುರಪುರಕ್ಕೆ ಫೋನ್ ಮಾಡುವವರು ಯಾರು ಎಂದು ಕೇಳಿದೆ. ಅಣ್ಣನ ಕಡೆ ನೋಡಿದಳು. ಅವನು ಮುಖ ತಿರುಗಿಸಿಕೊಂಡಿದ್ದ. ತಾನೇ ಮಾಡಿದಳು. ಹುಡುಗನ ತಾಯಿ ಹಾಜಿರಾಬಿಗೆ ಒಂದೂ ಬಚ್ಚಿಡದೆ ಹೇಳಿದಳು. ಆ ಕಡೆಯಿಂದ "ನಾ ಬರ್ತೀನಿ," ಎಂಬಷ್ಟೇ ಕೇಳಿ ಫೋನ್ ಕಟ್ಟಾಯಿತು. ಬರುವುದು ಸಂಬಂಧ ಮುರಿಯಲೋ ಉಳಿಸಲೋ, ಆ ಎರಡು ಶಬ್ದದಿಂದ ಯಾರಿಗೂ ತಿಳಿಯಲಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಹಾಜಿರಾಬಿ ಬಂದಳು, ಮಗನನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು. ಎತ್ತರದ, ಗಟ್ಟಿ ಹೆಂಗಸು. ವಾರ್ಡಿಗೆ ಹೋಗುವ ಮೊದಲು ನನ್ನನ್ನು ಒಂದು ಕಡೆ ಕರೆದಳು.

"ನನಗ ಸುತ್ತು ಬಳಸಿ ಹೇಳಬ್ಯಾಡ್ರಿ. ಇದು ಹುಡುಗಿ ಮೈಯಾಗಿನ ರೋಗ ಏನು?"

"ಅಲ್ಲ. ನೀರಿನದು. ಆ ನೀರು ನೀವು ಕುಡಿದಿದ್ದರೆ ನಿಮಗೂ ಬರುತ್ತಿತ್ತು."

"ಮುಂದ ಮಕ್ಕಳು ಮರಿಗಿ ಏನರೆ ಆಗ್ತದ?"

"ಏನೂ ಆಗುವುದಿಲ್ಲ. ನಾಲ್ಕು ದಿನ ಸರಿಯಾಗಿ ಊಟ ಮಾಡಿದರೆ ಎದ್ದು ಓಡಾಡುತ್ತಾಳೆ."

ತಲೆಯಾಡಿಸಿ ಒಳಗೆ ಹೋದಳು. ಮಂಚದ ಅಂಚಿಗೆ ಕೂತು ನಸೀಮಾಳ ಹಣೆ ಮುಟ್ಟಿದಳು, ಮೆಹಂದಿಯ ನಡುವೆ ಸೂಜಿ ತಪ್ಪಿದ ಕಡೆ ಬಾತಿದ್ದನ್ನು ನೋಡಿದಳು. ಬೀಗರ ಎದುರು ನಿಲ್ಲಲಾರದೆ ಖಾಸಿಂಸಾಬ ಬಾಗಿಲ ಹೊರಗಿದ್ದ. ಅವನಿಗೆ ಕೇಳುವಂತೆ ಹೇಳಿದಳು: "ನಾ ಸೊಸಿ ಒಯ್ಯಾಕ ಬಂದೀನಿ, ಬಿರಿಯಾನಿ ಉಣ್ಣಾಕಲ್ಲ. ಊಟ ಬಿಡ್ರಿ. ಕಾಜಿನ್ನ ಇಲ್ಲೇ ಕರಸ್ರಿ."

ಹಾಗೆ ನಿಕಾಹ್ ಆಸ್ಪತ್ರೆಯಲ್ಲೇ ಆಯಿತು. ಗಂಡಸರು ಹೊರಗೆ ಬೇವಿನ ಗಿಡದ ಕೆಳಗೆ ಕೂತರು. ಹುಡುಗಿಯ ಒಪ್ಪಿಗೆ ಕೇಳಲು ಸಾಕ್ಷಿಗಳು ಮಂಚದ ಹತ್ತಿರ ಬಂದರು. ಗದ್ದಲ ಮಾಡಬಾರದೆಂದು ನರ್ಸ್ ಮೊದಲೇ ಗದರಿಸಿದ್ದರಿಂದ ಎಲ್ಲರದೂ ಪಿಸುಮಾತು. ಸಲಾಯಿನ್ ಹನಿ ಬೀಳುತ್ತಿರುವಾಗಲೇ ನಸೀಮಾ ಕುಬೂಲ್ ಎಂದಳು. ಪಕ್ಕದ ಮಂಚದ ಟೇಲರ್ ತನ್ನ ಬಾಟಲಿ ಹಚ್ಚಿದ ಕೈಯನ್ನು ಎತ್ತಲಾಗದೆ ಇನ್ನೊಂದನ್ನೇ ಎತ್ತಿ ದುವಾ ಮಾಡಿದ. ಖಾಸಿಂಸಾಬ ಅಳಲಿಲ್ಲ. ಕಲ್ಲುಸಕ್ಕರೆಯ ಪೊಟ್ಟಣ ಹಿಡಿದುಕೊಂಡು, ಅದನ್ನು ಇಲ್ಲಿ ಹಂಚಬಹುದೋ ಬಾರದೋ ಎಂದು ನನ್ನನ್ನು ಕಣ್ಣಲ್ಲೇ ಕೇಳಿದ. ಬೇಡ ಎಂದೆ. ಜೇಬಿಗೆ ಇಟ್ಟುಕೊಂಡ.

ಅಂದು ಬಿಸಿಲು ಬಿದ್ದು ಗಟಾರ ಇಳಿದಿತ್ತು. ಮಧ್ಯಾಹ್ನ ದೇವಪ್ಪ ಪೈಪು ಒಡೆದದ್ದನ್ನು ಹುಡುಕಲು ವಾಲನ್ನು ಸ್ವಲ್ಪವೇ ತೆರೆಯುತ್ತಾನೆಂದು ಗೊತ್ತಾಗಿ ನಾನು ಓಣಿಗೆ ಹೋದೆ. ಖಾಸಿಂಸಾಬನೂ ಪೆಂಡಾಲು ಬಿಚ್ಚಿಸಲು ಬಂದ. ಬಸಣ್ಣ ಹಣಕ್ಕಾಗಿ ಕಲಬುರಗಿಯಿಂದ ಬಂದವನು ಅಂಗಡಿಯ ಮುಂದೆ ನಿಂತಿದ್ದ. ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಗಟಾರದ ಕಪ್ಪು ನೀರು ಒಂದು ಕಡೆ ಬುಳುಬುಳು ಎಂದಿತು. ಅದು ಪೆಂಡಾಲಿನ ಹಗ್ಗ ಬಿಗಿದಿದ್ದ ಕಬ್ಬಿಣದ ಗೂಟದ ಬುಡ. ದೇವಪ್ಪ ಹಾರೆಯಿಂದ ಮಣ್ಣು ಸರಿಸಿದ. ಮೊಳ ಆಳದಲ್ಲಿ ಮನೆಗಳಿಗೆ ಹೋಗುವ ಪ್ಲಾಸ್ಟಿಕ್ ಪೈಪು. ಗೂಟ ಅದರ ಬದಿಯನ್ನು ಸೀಳಿಕೊಂಡು ಇಳಿದಿತ್ತು. ನೀರು ಬಿಟ್ಟಾಗ ಹೊರಗೆ ಸೋರುವುದು, ನಿಂತಾಗ ಗಟಾರದ್ದು ಒಳಗೆ ಇಳಿಯುವುದು. ಮಳೆ ಬಂದ ರಾತ್ರಿಯಿಂದ ಹಾಗೇ ನಡೆದಿತ್ತು.

ದೇವಪ್ಪ ಹಾರೆ ಊರಿ ನಿಂತು, "ಇದನ್ನ ಬಡದವರ್ಯಾರು?" ಎಂದ. ಬೈಯಲು ಕೇಳಿದ ಮಾತಲ್ಲ, ಸುಮ್ಮನೆ ಬಾಯಿಂದ ಬಂದದ್ದು.

ಅಂಗಡಿಯ ಮೆಟ್ಟಿಲಿಳಿದು ಬಸಣ್ಣ ಬಂದ. ಗುಂಡಿಯೊಳಗೆ ನೋಡಿದ.

"ನಾ," ಎಂದ. "ಪೆಂಡಾಲದವ್ರ ಕೈಲಿ ಇಳಿಯವಲ್ದು ಅಂತ ನಾನ ಸುತ್ತಿಗಿ ತಗೊಂಡು ಬಡದೆ."

"ನಾ ಅಲ್ಲೇ ಬಡಿ ಅಂದಿದ್ದೆ," ಎಂದ ಖಾಸಿಂಸಾಬ. "ಪೆಂಡಾಲ ನಂದು."

"ಕೈ ನಂದು."

ಐದಾರು ವರ್ಷದ ಆ ಹುಡುಗಿಯ ತಾಯಿ ಗುಂಪಿನಲ್ಲಿದ್ದಳು. ಏನಾದರೂ ಅಂದಾಳೆಂದು ನಾನು ಅವಳ ಕಡೆ ತಿರುಗಿದೆ. ಅವಳು ಬಸಣ್ಣನ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡು ಮನೆಯೊಳಗೆ ಹೋದಳು. ದೇವಪ್ಪ ಗೂಟ ಕಿತ್ತು ಗೋಡೆಗೆ ಒರಗಿಸಿದ.

ಕೇಂದ್ರಕ್ಕೆ ಹಿಂದಿರುಗಿ ಫೋನ್ ತೆಗೆದರೆ ಅಪ್ಪನ ಕರೆಗಳು, ಗೆಳತಿಯರ ಸಂದೇಶಗಳು. ಹುಬ್ಬಳ್ಳಿಯಲ್ಲಿ ಮಕ್ಕಳ ವೈದ್ಯಕೀಯದ ಸೀಟು ಸಿಕ್ಕಿತ್ತು. ಮುಂಜಾನೆಯೇ ಬಂದ ಸುದ್ದಿ. ಅಷ್ಟು ತಿಂಗಳು ಕಾದದ್ದು ಕೈಗೆ ಬಂದಾಗ ಕನ್ನಡಿಯ ಎದುರು ನಿಂತು ನನ್ನ ಮುಖವನ್ನೇ ನೋಡಿಕೊಂಡೆ. ಕೆಸರು ಮೆತ್ತಿತ್ತು.

ಗುರಮ್ಮ ಕಲಬುರಗಿಯಲ್ಲಿ ತೀರಿಕೊಂಡಳು. ಉಳಿದವರೆಲ್ಲ ಮನೆಗೆ ಬಂದರು. ನಸೀಮಾ ಸುರಪುರಕ್ಕೆ ಹೋದಳು, ಗುಲಾಬಿ ಹೂವಿನ ಟ್ರಂಕಿನ ಜೊತೆ. ಗಟಾರದಿಂದ ದೂರಕ್ಕೆ, ಗೋಡೆಯ ಮೇಲಿಂದ ಹೊಸ ಪೈಪು ಎಳೆದರು. ಹೊಸ ರೋಗಿ ಬರದೆ ದಿನ ಕಳೆದರೂ ನಾನು ಓಣಿ ಸುತ್ತುವುದು ಬಿಡಲಿಲ್ಲ. ಬಸಣ್ಣನ ಅಂಗಡಿಯ ಮುಂದೆ ಮಾತ್ರ ಬೇಗ ದಾಟುತ್ತಿದ್ದೆ. ಒಂದು ದಿನ ಅವನೇ ಕರೆದ.

"ಮೇಡಂರಿ, ಒಂದ ಮಾತ ಕೇಳ್ತೀನಿ. ನಮ್ಮವ್ವ ಹೋಗಿದ್ದು ಆ ನೀರಿಂದನ ಏನ್ರಿ?"

ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಕಿಡ್ನಿ ಮೊದಲೇ ದುರ್ಬಲವಾಗಿತ್ತು. ಹೇಳಬಹುದಾದ ಮಾತುಗಳು ಎಷ್ಟೋ ಇದ್ದವು, ಸುಳ್ಳೂ ಆಗಿರಲಿಲ್ಲ. ಅವನ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿದ್ದವು.

"ಹೌದ್ರಿ," ಎಂದೆ. ನನ್ನ ಬಾಯಿಂದ ಅವರ ಊರಿನ ಮಾತೇ ಬಂತು. "ಆ ನೀರಿಂದಲೇ. ಆದರೆ ಅಲ್ಲಿ ಪ್ಲಾಸ್ಟಿಕ್ ಪೈಪು ಇದೆ ಅಂತ ನಿಮಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ," ಎಂದ. ಸ್ವಲ್ಪ ಹೊತ್ತು ತಕ್ಕಡಿಯ ತಟ್ಟೆ ಒರೆಸಿದ. "ಎಲ್ಲಾರೂ ಅಲ್ಲ, ಅದರಿಂದ ಅಲ್ಲ ಅಂತಾರ. ಮನ್ಯಾಗ ಕುಂತ್ರ ತಲಿ ತಿರಗತದ. ನೀವರೆ ಹೇಳಿದ್ರಿ." ಆಮೇಲೆ, "ಅವ್ವನ ಹೆಸರಿಲೆ ಶಿವಗಣಾರಾಧನಿ ಊಟ ಇಟ್ಟೀವಿ. ಬರ್ರಿ," ಎಂದ.

ನಾನು ಊರು ಬಿಡುವ ಹಿಂದಿನ ದಿನ ಆ ಊಟ. ಮೈಬೂಬಿ ನನ್ನನ್ನು ಕರೆದುಕೊಂಡು ಹೋದಳು. ಓಣಿಯಲ್ಲಿ ಪೆಂಡಾಲು ಇರಲಿಲ್ಲ, ಬರಿಯ ಚಾಪೆಗಳ ಸಾಲು. ಸಜ್ಜಕ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ, ಸಾರು. ಓಣಿಯವರೆಲ್ಲ ಬಂದಿದ್ದರು. ಟೇಲರ್ ಬಂದಿದ್ದ. ಆ ಹುಡುಗಿ ತಾಯಿಯ ತೊಡೆಯ ಮೇಲೆ ಕೂತಿದ್ದಳು. ಸಾಲಿನ ಕೊನೆಯಲ್ಲಿ, ಹೊಸ ತಗಡಿನ ದೊಡ್ಡ ಡ್ರಮ್ಮೊಂದನ್ನು ಕಲ್ಲಿನ ಮೇಲೆ ಇಟ್ಟುಕೊಂಡು ಖಾಸಿಂಸಾಬ ನಿಂತಿದ್ದ. ಈ ಊಟಕ್ಕೆಂದೇ ಅದನ್ನು ಮಾಡಿದ್ದನಂತೆ, ಕೆಳಗೆ ನಳ ಕೂರಿಸಿ, ಮೇಲೆ ಬಿಗಿ ಮುಚ್ಚಳ ಹಾಕಿ. ಎರಡು ದಿನದಿಂದ ಹೊಸ ಪಾತ್ರೆಯಲ್ಲಿ ನೀರು ಕುದಿಸಿ ಆರಿಸಿ ತುಂಬಿದ್ದನಂತೆ. ಯಾರನ್ನೂ ಹತ್ತಿರ ಬಿಡದೆ, ಬಂದವರ ಲೋಟಕ್ಕೆ ತಾನೇ ಹಿಡಿದು ಕೊಡುತ್ತಿದ್ದ. ಬಸಣ್ಣನ ಕಡೆಯ ಹಿರಿಯರೊಬ್ಬರು ಅವನ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಲೋಟ ಮುಂದೆ ಮಾಡಿದರು.

ಎಲ್ಲರದೂ ಮುಗಿಯುವ ತನಕ ಬಸಣ್ಣ ಬಡಿಸುತ್ತಲೇ ಇದ್ದ. ಕೊನೆಗೆ ಕೈ ತೊಳೆದು ಬಂದು, ಡ್ರಮ್ಮಿನ ಎದುರು ನಿಂತ. ಬೆವರು ಸುರಿಯುತ್ತಿತ್ತು.

"ಉಂಡಿ?" ಎಂದು ಕೇಳಿದ ಖಾಸಿಂಸಾಬ.

"ಇಲ್ಲ ಇನ್ನ. ಮೊದಲ ನೀರ ಕೊಡು."

ಖಾಸಿಂಸಾಬ ಲೋಟ ತುಂಬಿ ಎರಡೂ ಕೈಯಲ್ಲಿ ಕೊಟ್ಟ. ಬಸಣ್ಣ ನಿಂತಲ್ಲೇ ತಲೆ ಮೇಲೆತ್ತಿ ಪೂರ್ತಿ ಕುಡಿದ, ಮತ್ತೆ ಲೋಟ ಮುಂದೆ ಹಿಡಿದ. ಆಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ಊಟಕ್ಕೆ ಕೂತರು, ಮೈಬೂಬಿ ಬಡಿಸಿದಳು.